ಕೆಮ್ಮಲಿಲ್ಲ ಅಂದರೆ ನುಂಗುವುದು ಸರಿ ಇದೆ ಅಂತಾನಾ? ತಲೆಗೆ ಪೆಟ್ಟಾದವರ ನುಂಗುವ ಪರೀಕ್ಷೆ ಬಗ್ಗೆ

ಹಾಸನದ ತಂಗಿ:

ನಮಸ್ಕಾರ. ಅಣ್ಣನ ವಿಷಯಕ್ಕೆ ಬರೆಯುತ್ತಿದ್ದೇನೆ. ಅವನಿಗೆ 34 ವರ್ಷ. ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾಯಿತು. ಆಪರೇಷನ್ ಆಯಿತು. ಬಹಳ ದಿನ ಐಸಿಯುನಲ್ಲಿದ್ದ. ಕತ್ತಿನಲ್ಲಿ ತೂತು ಮಾಡಿ ಉಸಿರಾಟದ ನಳಿಕೆ ಹಾಕಿದ್ದರು, ಈಗ ಅದನ್ನು ತೆಗೆದಿದ್ದಾರೆ. ರಿಹ್ಯಾಬ್ ವಾರ್ಡಿಗೆ ಬಂದಿದ್ದೇವೆ. ನಮ್ಮನ್ನು ಗುರುತಿಸುತ್ತಾನೆ, ಒಂದೊಂದು ಮಾತು ಆಡುತ್ತಾನೆ. ಊಟ ಮಾತ್ರ ಇನ್ನೂ ಮೂಗಿನ ರೈಲ್ಸ್ ಟ್ಯೂಬಿನಲ್ಲೇ.

ಮೊನ್ನೆ ದೊಡ್ಡಪ್ಪ ದೇವಸ್ಥಾನದಿಂದ ತೀರ್ಥ ತಂದು ಒಂದು ಚಮಚ ಬಾಯಿಗೆ ಬಿಟ್ಟರು. ಅಣ್ಣ ನುಂಗಿದ, ಕೆಮ್ಮಲಿಲ್ಲ. ಅವತ್ತಿನಿಂದ ಮನೆಯವರದ್ದೆಲ್ಲ ಒಂದೇ ಮಾತು: ಚೆನ್ನಾಗಿ ನುಂಗ್ತಾನೆ, ಸುಮ್ನೆ ಟ್ಯೂಬ್ ಇಟ್ಟಿದ್ದಾರೆ. ಸ್ಪೀಚ್ ಥೆರಪಿಸ್ಟ್ ಮಾತ್ರ ಇನ್ನೂ ಬೇಡ, ಪೂರ್ತಿ ಪರೀಕ್ಷೆ ಆಗಲಿ, ಮೂಗಿನಿಂದ ಕ್ಯಾಮೆರಾ ಹಾಕಿ ನೋಡಬೇಕಾಗಬಹುದು ಅಂದರು. ಕೆಮ್ಮದೇ ನುಂಗಿದ ಮೇಲೂ ಇದೆಲ್ಲ ಬೇಕಾ? ಮಾತು ಕಲಿಸುವವರು ಊಟದ ತೀರ್ಮಾನ ಯಾಕೆ ಮಾಡುತ್ತಾರೆ? ಅಣ್ಣ ಟ್ಯೂಬ್ ಕಿತ್ತುಕೊಳ್ಳಲು ನೋಡುತ್ತಾನೆ ಅಂತ ಕೈಗೆ ಗವಸು ಹಾಕಿದ್ದಾರೆ. ಅದನ್ನು ನೋಡಿ ಅಮ್ಮ ಅಳುತ್ತಾರೆ. ಗೊತ್ತಿದ್ದವರು ಹೇಳಿ.

ಥೆರಪಿಸ್ಟ್ ಮೈಸೂರು:

ನಾನು ಸ್ಪೀಚ್ ಥೆರಪಿಸ್ಟ್. ಮಿದುಳಿಗೆ ಪೆಟ್ಟಾದವರ ಜೊತೆಗೇ ನನ್ನ ಕೆಲಸ. ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮಾತಿಗೆ ಬೇಕಾದ ತುಟಿ, ನಾಲಿಗೆ, ಅಂಗುಳ, ಧ್ವನಿಪೆಟ್ಟಿಗೆ ಇವೇ ನುಂಗುವುದಕ್ಕೂ ಬೇಕು. ಅದಕ್ಕೇ ನುಂಗುವ ತೊಂದರೆ ನಮ್ಮ ಓದಿನ ದೊಡ್ಡ ಭಾಗ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಈ ಪರೀಕ್ಷೆ ವಾಕ್ ಚಿಕಿತ್ಸೆಯವರ ಕೆಲಸವೇ.

ಈಗ ಕೆಮ್ಮಿನ ವಿಷಯ. ಅನ್ನದ ದಾರಿ, ಗಾಳಿಯ ದಾರಿ ಎರಡೂ ಗಂಟಲಿನಲ್ಲಿ ಒಂದನ್ನೊಂದು ದಾಟುತ್ತವೆ. ನಾವು ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಅದರ ಮುಚ್ಚಳ ಬಾಗುತ್ತದೆ. ಧ್ವನಿತಂತುಗಳು ಕೂಡಿಕೊಳ್ಳುತ್ತವೆ. ಉಸಿರು ಒಂದು ಕ್ಷಣ ನಿಲ್ಲುತ್ತದೆ. ರೈಲು ಬರುವ ಮುಂಚೆ ಲೆವೆಲ್ ಕ್ರಾಸಿಂಗ್ ಗೇಟ್ ಬಿದ್ದಿರಬೇಕಲ್ಲ, ಹಾಗೆ. ಇದೆಲ್ಲ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮಿದುಳಿಗೆ ಪೆಟ್ಟಾದವರಲ್ಲಿ ಆ ಗೇಟ್ ತಡವಾಗಿ ಬೀಳಬಹುದು, ಅರ್ಧಕ್ಕೇ ನಿಲ್ಲಬಹುದು. ಆಗ ನೀರೋ ಗಂಜಿಯೋ ಧ್ವನಿತಂತು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ. ಇದಕ್ಕೆ ಆಸ್ಪಿರೇಷನ್ ಅನ್ನುತ್ತಾರೆ.

ನಿಮಗೋ ನನಗೋ ಹೀಗಾದರೆ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮುತ್ತೇವೆ. ನಿಮ್ಮ ಅಣ್ಣನ ಗಂಟಲಿಗೆ ಆ ಸ್ಪರ್ಶವೇ ಮಂಕಾಗಿರಬಹುದು. ಬಹಳ ದಿನ ಬಾಯಲ್ಲಿ, ಕತ್ತಿನಲ್ಲಿ ನಳಿಕೆ ಇದ್ದವರಲ್ಲಿ ಇದು ಇನ್ನೂ ಜಾಸ್ತಿ. ನೀರು ಶ್ವಾಸನಾಳಕ್ಕೆ ಇಳಿದರೂ ಅವರಿಗೆ ಗೊತ್ತಾಗುವುದಿಲ್ಲ, ಕೆಮ್ಮು ಬರುವುದಿಲ್ಲ, ಮುಖ ಕೂಡ ಬದಲಾಗುವುದಿಲ್ಲ. ಇದು ಸೈಲೆಂಟ್ ಆಸ್ಪಿರೇಷನ್. ಹೊರಗಿನಿಂದ ನೋಡಿ ಇದನ್ನು ಯಾರೂ ಖಚಿತವಾಗಿ ಹೇಳಲಾರರು. ನಾನೂ ಹೇಳಲಾರೆ. ಅದಕ್ಕೇ ಕ್ಯಾಮೆರಾ.

ಒಂದು ಚಮಚ ತೀರ್ಥದಿಂದ ದೊಡ್ಡ ಅನಾಹುತ ಆಗಿರಲಿಕ್ಕಿಲ್ಲ. ಗಾಬರಿ ಬೇಡ. ಆದರೆ ಪರೀಕ್ಷೆ ಮುಗಿಯುವವರೆಗೆ ಇನ್ನು ಏನನ್ನೂ ಬಾಯಿಗೆ ಹಾಕಬೇಡಿ. ಮಲಗಿದವರ ಬಾಯಿಗಂತೂ ಬೇಡವೇ ಬೇಡ. ಜ್ವರ, ಜಾಸ್ತಿ ಕಫ, ಉಸಿರಾಟ ಜೋರಾಗುವುದು ಕಂಡರೆ ತಕ್ಷಣ ನರ್ಸಿಗೆ ತಿಳಿಸಿ. ತೀರ್ಥ ಕೊಟ್ಟಿದ್ದನ್ನೂ ತಿಳಿಸಿ, ಯಾರೂ ಬೈಯುವುದಿಲ್ಲ. ಅದು ಅವರಿಗೆ ಬೇಕಾದ ಮಾಹಿತಿ. ದೊಡ್ಡಪ್ಪನಿಗೆ ತೀರ್ಥವನ್ನು ತಲೆಗೆ ಪ್ರೋಕ್ಷಣೆ ಮಾಡಲು ಹೇಳಿ, ಅವರ ಮನಸ್ಸಿಗೂ ನೋವಾಗುವುದಿಲ್ಲ.

ಹುಬ್ಳಿ ನರ್ಸ್:

ಮೇಲಿನ ಮಾತು ಪೂರ್ತಿ ಸರಿ. ವಾರ್ಡಿನ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಬಾಯಿಯ ಸ್ವಚ್ಛತೆ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಟ್ಯೂಬಿನಲ್ಲಿ ಊಟ ಹೋಗುತ್ತಿದೆ, ಬಾಯಿಂದ ಏನೂ ಕೊಡ್ತಿಲ್ಲ, ಆದ್ದರಿಂದ ಹಲ್ಲುಜ್ಜುವುದು ಬೇಡ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇದು ಉಲ್ಟಾ. ಬಾಯಿಂದ ತಿನ್ನದವರ ಬಾಯಿಯಲ್ಲೇ ಕೊಳೆ, ಬ್ಯಾಕ್ಟೀರಿಯಾ ಜಾಸ್ತಿ ಸೇರುತ್ತದೆ. ಟ್ಯೂಬ್ ಇದ್ದರೂ ಜೊಲ್ಲು ಇಳಿಯುತ್ತಲೇ ಇರುತ್ತದೆ. ಆ ಜೊಲ್ಲು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಲು ಅಷ್ಟೇ ಸಾಕು. ಟ್ಯೂಬ್ ಹಾಕಿದ ತಕ್ಷಣ ಆಸ್ಪಿರೇಷನ್ ನಿಂತುಹೋಯಿತು ಅಂತ ತಿಳಿಯಬೇಡಿ. ಟ್ಯೂಬಿನ ಆಹಾರವೇ ಹೊಟ್ಟೆಯಿಂದ ಮೇಲಕ್ಕೆ ಬರುವುದೂ ಉಂಟು. ಅದಕ್ಕೇ ಫೀಡ್ ಕೊಡುವಾಗ, ಕೊಟ್ಟ ಮೇಲೂ ಸ್ವಲ್ಪ ಹೊತ್ತು ತಲೆಭಾಗ ಎತ್ತರಕ್ಕೆ ಇಡಿಸುತ್ತೇವೆ.

ನಾವು ಮೊದಲ ಹಂತದಲ್ಲಿ ಗಸ್ ಅನ್ನುವ ಸ್ಕ್ರೀನಿಂಗ್ ಬಳಸುತ್ತೇವೆ. ಆಸ್ಟ್ರಿಯಾದ ಗುಗಿಂಗ್‌ನವರು ಪಾರ್ಶ್ವವಾಯು ರೋಗಿಗಳಿಗಾಗಿ ಮಾಡಿದ್ದು, 2007ರಲ್ಲಿ ಪ್ರಕಟವಾಯಿತು. ಒಟ್ಟು 20 ಅಂಕ. ಮೊದಲ 5 ಅಂಕಕ್ಕೆ ಏನನ್ನೂ ತಿನ್ನಿಸುವುದೇ ಇಲ್ಲ. ಕಾಲು ಗಂಟೆ ಎಚ್ಚರವಾಗಿ ಇರುತ್ತಾರಾ, ಹೇಳಿದಾಗ ಕೆಮ್ಮುತ್ತಾರಾ, ತಮ್ಮ ಜೊಲ್ಲನ್ನೇ ನುಂಗುತ್ತಾರಾ, ಜೊಲ್ಲು ಸುರಿಯುತ್ತದಾ, ನುಂಗಿದ ಮೇಲೆ ದನಿ ಒದ್ದೆಯಾಗುತ್ತದಾ ಅಂತ ಮಾತ್ರ ನೋಡುತ್ತೇವೆ. ಅದು ದಾಟಿದರೆ ಮೊದಲು ಕೊಡುವುದು ಗಟ್ಟಿ ಗಂಜಿಯಂಥದ್ದು. ನೀರು ಆಮೇಲೆ. ಬ್ರೆಡ್ ಕೊನೆಗೆ. ನೀರೇ ಸುಲಭ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನೀರು ಎಲ್ಲಕ್ಕಿಂತ ವೇಗವಾಗಿ ಜಾರುತ್ತದೆ, ತಡವಾಗಿ ಎಚ್ಚರವಾಗುವ ಗಂಟಲಿಗೆ ಅದೇ ಕಷ್ಟ.

ಮಂಡ್ಯ ಹೈದ:

ನಮ್ಮ ಕಡೆ ಕಾಯಿಲೆ ಬಿದ್ದವರಿಗೆ ಮೆತ್ತಗೆ ಮುದ್ದೆ ಮಾಡಿ ಕೊಡುತ್ತಾರೆ. ಅಗಿಯುವ ಕೆಲಸವೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗಿದರೆ ಆಯಿತು. ಹಲ್ಲು ಇಲ್ಲದ ಅಜ್ಜಂದಿರೂ ತಿನ್ನುತ್ತಾರೆ. ಗಟ್ಟಿ ಪದಾರ್ಥ ಸುಲಭ ಅಂತ ನೀವೇ ಹೇಳುತ್ತಿದ್ದೀರಿ. ಹಾಗಾದರೆ ಮುದ್ದೆಯಿಂದಲೇ ಶುರು ಮಾಡಬಹುದಲ್ವಾ?

ಥೆರಪಿಸ್ಟ್ ಮೈಸೂರು:

ಒಳ್ಳೆಯ ಪ್ರಶ್ನೆ. ವಾರ್ಡಿನಲ್ಲೂ ತುಂಬಾ ಜನ ಇದನ್ನೇ ಕೇಳುತ್ತಾರೆ. ಉತ್ತರ: ಮುದ್ದೆ ಬೇಡ.

ಮುದ್ದೆಯನ್ನು ಅಗಿಯುವುದಿಲ್ಲ ಅನ್ನುವುದೇ ಇಲ್ಲಿ ತೊಂದರೆ. ಇಡೀ ತುತ್ತು ಉಂಡೆಯಾಗಿಯೇ ಗಂಟಲಿಗೆ ಹೋಗಬೇಕು. ಅದಕ್ಕೆ ನಾಲಿಗೆ ಬಲವಾಗಿ ಹಿಂದಕ್ಕೆ ತಳ್ಳಬೇಕು, ಗಂಟಲಿನ ಗೋಡೆ ಬಿಗಿಯಾಗಿ ಹಿಂಡಬೇಕು, ಅನ್ನನಾಳದ ಬಾಯಿ ಪೂರ್ತಿ ತೆರೆಯಬೇಕು. ಅಜ್ಜನಿಗೆ ಹಲ್ಲಿಲ್ಲ, ಸರಿ. ಆದರೆ ನಾಲಿಗೆ, ಗಂಟಲು ಗಟ್ಟಿಯಾಗಿವೆ. ಜೀವನವಿಡೀ ಆದ ಅಭ್ಯಾಸವೂ ಇದೆ. ಪೆಟ್ಟಾದವರಲ್ಲಿ ಆ ಬಲವೇ ಕಡಿಮೆ. ಮುದ್ದೆ ಅಂಟುವ ಪದಾರ್ಥ ಬೇರೆ. ಗಂಟಲಿನ ಸಂದಿಯಲ್ಲಿ ಒಂದು ಚೂರು ಕೂತರೆ ಎರಡನೇ ಗುಟುಕಿನಲ್ಲೂ ಹೋಗುವುದಿಲ್ಲ. ಉಂಡೆಯೇ ಗಾಳಿ ದಾರಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ನಾವು ಬಯಸುವುದು ಅಂಟದ, ಗಂಟಿಲ್ಲದ, ಚಮಚದಲ್ಲಿ ಆಕಾರ ಹಿಡಿದು ನಿಲ್ಲುವ, ಚಮಚ ಬಗ್ಗಿಸಿದರೆ ಒಟ್ಟಿಗೆ ಜಾರುವ ಆಹಾರ. ಚೆನ್ನಾಗಿ ಕಡೆದ ಮೊಸರನ್ನ, ನುಣ್ಣಗೆ ಅರೆದ ಬೇಳೆ, ಸೋಸಿದ ಹಣ್ಣಿನ ಪ್ಯೂರಿ ಹೀಗೆ. ಉಪ್ಪಿಟ್ಟು ಉದುರುತ್ತದೆ. ಅವಲಕ್ಕಿ ಬಾಯಲ್ಲೆಲ್ಲ ಹರಡುತ್ತದೆ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಟ್ಟರೆ ನೀರು ಬೇರೆ, ಹಿಟ್ಟು ಬೇರೆ ಆಗಿ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕು. ಅದು ಬಹಳ ಕಷ್ಟದ ತುತ್ತು. ಮೆತ್ತಗಿದೆ ಅಂತ ಜನ ಕೊಡುವುದು ಅದನ್ನೇ.

ಹಾಸನದ ತಂಗಿ:

ತುಂಬಾ ಥ್ಯಾಂಕ್ಸ್. ತೀರ್ಥದ ವಿಷಯ ನರ್ಸಿಗೆ ಹೇಳಿದೆವು. ನಾಳೆ ಥೆರಪಿಸ್ಟ್ ಬೆಡ್ ಹತ್ತಿರವೇ ಪರೀಕ್ಷೆ ಮಾಡುತ್ತಾರಂತೆ. ಅದರಲ್ಲಿ ಏನೇನು ಮಾಡುತ್ತಾರೆ? ನಾವು ಹತ್ತಿರ ಇರಬಹುದಾ?

ಥೆರಪಿಸ್ಟ್ ಮೈಸೂರು:

ಇರಿ, ಖಂಡಿತ ಇರಿ. ನಿಮ್ಮ ದನಿ ಕೇಳಿದರೆ ಅಣ್ಣನ ಗಮನ ನಿಲ್ಲುತ್ತದೆ.

ಅವರು ಕೋಣೆಗೆ ಬಂದಾಗಲೇ ಪರೀಕ್ಷೆ ಶುರುವಾಗಿರುತ್ತದೆ. ಎಚ್ಚರ ಇದ್ದಾನಾ, ಎಷ್ಟು ಹೊತ್ತು ಇರುತ್ತಾನೆ, ನಿಮಿಷಕ್ಕೆ ಎಷ್ಟು ಉಸಿರು, ಜೊಲ್ಲು ಹೊರಗೆ ಬರುತ್ತಿದೆಯಾ, ಗಂಟಲಲ್ಲಿ ಗೊರಗೊರ ಇದೆಯಾ. ಉಸಿರು ತುಂಬಾ ಜೋರಿದ್ದರೆ ಅವತ್ತು ಊಟದ ಪ್ರಯತ್ನವೇ ಇಲ್ಲ. ಉಸಿರು ನಿಲ್ಲಿಸಿ ನುಂಗಲು ಅವರಿಗೆ ಬಿಡುವೇ ಸಿಗುವುದಿಲ್ಲ.

ಆಮೇಲೆ ತುಟಿ ಮುಚ್ಚುವುದು, ನಾಲಿಗೆ ಎಡ ಬಲ ಆಡಿಸುವುದು, ಆ ಅಂತ ದನಿ ತೆಗೆಯುವುದು, ಬೇಕೆಂದು ಕೆಮ್ಮುವುದು. ಕೆಮ್ಮಿನ ಬಲ ನನಗೆ ಬಹಳ ಮುಖ್ಯ. ಜಾರಿದ್ದನ್ನು ಹೊರಗೆ ಹಾಕುವ ತಾಕತ್ತು ಅಲ್ಲಿ ಗೊತ್ತಾಗುತ್ತದೆ. ಬಾಯಿಯೊಳಗೆ ಟಾರ್ಚ್ ಹಾಕಿ ಹಲ್ಲು, ಒಣಗಿದ ಕಫ, ಹುಣ್ಣು ನೋಡುತ್ತಾರೆ. ಕಡ್ಡಿ ಮುಟ್ಟಿಸಿ ವಾಂತಿ ಬಂದಂತೆ ಆಗುತ್ತದಾ ಅಂತ ನೋಡುವುದು ಹಳೆಯ ಪದ್ಧತಿ. ಆರೋಗ್ಯವಂತರಲ್ಲೂ ಎಷ್ಟೋ ಜನಕ್ಕೆ ಆ ಪ್ರತಿಕ್ರಿಯೆ ಇರುವುದಿಲ್ಲ. ಅದು ಇದ್ದರೆ ನುಂಗುವುದು ಸುರಕ್ಷಿತ ಅಂತಲೂ ಅಲ್ಲ. ಯಾರಾದರೂ ಅದೊಂದನ್ನೇ ನೋಡಿ ಊಟಕ್ಕೆ ಒಪ್ಪಿಗೆ ಕೊಟ್ಟರೆ ಪೂರ್ತಿ ಪರೀಕ್ಷೆ ಕೇಳಿ.

ಕೊನೆಗೆ ಬಾಯಿ ತೊಳೆದು, ನೇರ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಒಂದು ಎಂಎಲ್, ಮೂರು, ಐದು ಹೀಗೆ ಏರಿಸುತ್ತಾರೆ. ಕತ್ತಿನ ಮೇಲೆ ಬೆರಳಿಟ್ಟು ಧ್ವನಿಪೆಟ್ಟಿಗೆ ಏರುತ್ತದಾ, ಎಷ್ಟು ತಡ ಅಂತ ಮುಟ್ಟಿ ನೋಡುತ್ತಾರೆ. ನುಂಗಿದ ಮೇಲೆ ಆ ಅನ್ನಿಸುತ್ತಾರೆ. ದನಿ ನೀರಲ್ಲಿ ಗುಳುಗುಳು ಅಂದಂತೆ ಬಂದರೆ ಧ್ವನಿತಂತುಗಳ ಮೇಲೆ ಏನೋ ನಿಂತಿದೆ ಅಂತ ಅನುಮಾನ. ಕೆನ್ನೆ ಸಂದಿಯಲ್ಲಿ ಉಳಿದಿದೆಯಾ ಅಂತ ಮತ್ತೆ ಟಾರ್ಚ್. ಬೆರಳಿಗೆ ಹಾಕುವ ಆಮ್ಲಜನಕದ ಯಂತ್ರವೂ ಇರಬಹುದು. ಆದರೆ ಸಂಖ್ಯೆ ಇಳಿಯಲಿಲ್ಲ ಅಂದ ಮಾತ್ರಕ್ಕೆ ಆಸ್ಪಿರೇಷನ್ ಆಗಲಿಲ್ಲ ಅಂತ ನಂಬಲು ಆಗುವುದಿಲ್ಲ.

90 ಎಂಎಲ್ ನೀರನ್ನು ನಿಲ್ಲಿಸದೆ ಕುಡಿಸುವ ಪರೀಕ್ಷೆಯೂ ಇದೆ. ಮಧ್ಯೆ ನಿಂತರೆ, ಕೆಮ್ಮಿದರೆ, ದನಿ ಒದ್ದೆಯಾದರೆ ಫೇಲ್. ಅದು ಒಳ್ಳೆಯ ಪರೀಕ್ಷೆ. ಆದರೆ ಪೂರ್ತಿ ಎಚ್ಚರವಿದ್ದು ಹೇಳಿದಂತೆ ಮಾಡುವವರಿಗೆ. ನಿಮ್ಮ ಅಣ್ಣನಿಗೆ ಈಗಲೇ ಅದನ್ನು ಯಾರೂ ಮಾಡಲಿಕ್ಕಿಲ್ಲ.

ದಾವಣಗೆರೆ ಫಿಸಿಯೋ:

ಕೂರುವ ಬಗ್ಗೆ ಒಂದು ಮಾತು. ನಮ್ಮಲ್ಲಿ ಲೋಟ ತುಟಿಗೆ ತಾಗಿಸದೆ ತಲೆ ಹಿಂದಕ್ಕೆ ಬಗ್ಗಿಸಿ ಎತ್ತಿ ಕುಡಿಯುವ ರೂಢಿ ಇದೆ. ಪೆಟ್ಟಾದವರೂ ಆ ಅಭ್ಯಾಸದಂತೆಯೇ ಕತ್ತು ಎತ್ತುತ್ತಾರೆ, ಮನೆಯವರೂ ಹಾಗೇ ಸುರಿಯುತ್ತಾರೆ. ಕತ್ತು ಹಿಂದಕ್ಕೆ ಹೋದರೆ ಗಾಳಿ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ, ನೀರು ತನ್ನ ತೂಕಕ್ಕೇ ಜಾರುತ್ತದೆ. ಸೊಂಟ ಹಿಂದಕ್ಕೆ ತಾಗಿ, ಪಾದ ಊರಿ, ಬೆನ್ನು ನೇರ, ಗಲ್ಲ ಸ್ವಲ್ಪ ಕೆಳಗೆ. ಮುಂಡ ಒಂದು ಕಡೆ ವಾಲುತ್ತಿದ್ದರೆ ಮೊದಲು ಅದನ್ನು ಸರಿ ಮಾಡಬೇಕು. ವಾಲಿದ ಮೈಯಲ್ಲಿ ಮಾಡಿದ ನುಂಗುವ ಪರೀಕ್ಷೆ ಅವರ ನಿಜವಾದ ಶಕ್ತಿಯನ್ನು ತೋರಿಸುವುದಿಲ್ಲ. ನಮ್ಮಲ್ಲಿ ಪರೀಕ್ಷೆ ದಿನ ಥೆರಪಿಸ್ಟ್ ಜೊತೆ ನಾನೂ ಇರುತ್ತೇನೆ.

ಬಳ್ಳಾರಿ ಮಗ:

ನಾನು ಬೇರೆ ಬದಿಯ ಕಥೆ ಹೇಳಬೇಕು. ನಮ್ಮ ತಂದೆಗೂ ತಲೆಗೆ ಪೆಟ್ಟು. ಒಂದು ಆಸ್ಪತ್ರೆಯಿಂದ ಟ್ಯೂಬ್ ಸಮೇತ ಮನೆಗೆ ಕಳಿಸಿದರು. ಟ್ಯೂಬ್ ಬದಲಿಸಲು ಬನ್ನಿ ಅಂದರೇ ಹೊರತು ನುಂಗುವುದನ್ನು ಮತ್ತೆ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಹಾಳೆಯಲ್ಲೂ ಬರೆದಿರಲಿಲ್ಲ. ಅಪ್ಪ ಮಾತಾಡಲು ಶುರು ಮಾಡಿದರು, ಕೋಲು ಹಿಡಿದು ನಡೆದರು, ಪೇಪರ್ ಓದಿದರು. ಊಟ ಮಾತ್ರ ತಿಂಗಳುಗಟ್ಟಲೆ ಮೂಗಿನಿಂದ. ನೆಂಟರ ಮದುವೆಗೆ ಹೋಗಲು ಒಪ್ಪಲಿಲ್ಲ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ ಅಲ್ಲಿ ಪರೀಕ್ಷೆ ಮಾಡಿ, ಇವರು ಮೆತ್ತನೆ ಊಟ ಯಾವತ್ತೋ ಶುರು ಮಾಡಬಹುದಿತ್ತಲ್ಲ ಅಂದರು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಪರೀಕ್ಷೆ ಮಾಡದೆ ಊಟ ಕೊಡುವುದು ಹೇಗೆ ತಪ್ಪೋ, ಪರೀಕ್ಷೆ ಮಾಡದೆ ಟ್ಯೂಬ್ ಉಳಿಸುವುದೂ ಅಷ್ಟೇ ತಪ್ಪು. ತಂಗಿ, ಮುಂದಿನ ಪರೀಕ್ಷೆ ಯಾವಾಗ ಅಂತ ಬರೆಸಿಕೊಳ್ಳದೆ ಆ ವಾರ್ಡಿನಿಂದ ಹೊರಡಬೇಡಿ.

ಥೆರಪಿಸ್ಟ್ ಮೈಸೂರು:

ನಿಮ್ಮ ಸಿಟ್ಟು ನ್ಯಾಯವಾದದ್ದು. ತಲೆಗೆ ಪೆಟ್ಟಾದವರ ವಿಷಯದಲ್ಲಿ ಒಂದೇ ಪರೀಕ್ಷೆ ಯಾಕೆ ಸಾಲದು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನನ್ನ ಪ್ರಕಾರ ಇಡೀ ಚರ್ಚೆಯ ಮುಖ್ಯ ವಿಷಯ ಇದೇ.

ಪಾರ್ಶ್ವವಾಯು ಆದವರಲ್ಲಿ ಎಷ್ಟೋ ಸಲ ತೊಂದರೆ ಗಂಟಲಿನದ್ದು, ಬುದ್ಧಿ ಚುರುಕಾಗಿಯೇ ಇರುತ್ತದೆ. ನಿಧಾನ ನುಂಗಿ ಅಂದರೆ ಅವರಿಗೆ ಅರ್ಥ ಆಗುತ್ತದೆ. ಅಪಘಾತದಲ್ಲಿ ಪೆಟ್ಟಾದಾಗ ಮಿದುಳಿನ ಮುಂಭಾಗಕ್ಕೆ ಏಟು ಬಿದ್ದಿರುವುದು ಸಾಮಾನ್ಯ. ಗಮನ, ತಾಳ್ಮೆ, ಎಷ್ಟು ತಿಂದೆ ಅನ್ನುವ ಅಳತೆ ಎಲ್ಲ ಅಲ್ಲಿಯ ಕೆಲಸ. ಗಂಟಲು ಚೆನ್ನಾಗಿದ್ದರೂ ಅವರು ಮೊದಲ ತುತ್ತು ನುಂಗುವ ಮುಂಚೆಯೇ ಮೂರು ತುತ್ತು ತುರುಕಿಕೊಳ್ಳುತ್ತಾರೆ. ಅಥವಾ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಮರೆತುಬಿಡುತ್ತಾರೆ. ಅಥವಾ ಬಾಯಲ್ಲಿ ಅನ್ನ ಇರುವಾಗ ನಗುತ್ತಾರೆ, ಕೂಗುತ್ತಾರೆ. ಶಾಂತ ಕೋಣೆಯಲ್ಲಿ ಥೆರಪಿಸ್ಟ್ ಐದು ಎಂಎಲ್ ಅಳೆದು ಕೊಟ್ಟಾಗ ಪಾಸಾದವನು ಸಂಜೆ ಟಿವಿ ಮುಂದೆ ಕೂತು ಇಡೀ ಇಡ್ಲಿ ಬಾಯಿಗಿಟ್ಟು ಉಸಿರು ಕಟ್ಟಿಸಿಕೊಳ್ಳಬಹುದು.

ಅದಕ್ಕೆ ನಾವು ಎಚ್ಚರದ ಹಂತವನ್ನೂ ಅಳೆಯುತ್ತೇವೆ. ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ಮಾಡಿದ ಅಳತೆಪಟ್ಟಿ ಇದಕ್ಕೆ ಬಳಕೆಯಲ್ಲಿದೆ. ಮೂಲದಲ್ಲಿ 8 ಹಂತ. 4ನೇ ಹಂತ ಅಂದರೆ ಗೊಂದಲ, ಚಡಪಡಿಕೆ, ಟ್ಯೂಬ್ ಎಳೆಯುವುದು. ನಿಮ್ಮ ಅಣ್ಣ ಮಾಡುತ್ತಿರುವಂತೆ. ಅದು ಹಟ ಅಲ್ಲ, ಚೇತರಿಕೆಯ ಒಂದು ಘಟ್ಟ. 6ನೇ ಹಂತಕ್ಕೆ ಬಂದವರು ಗೊಂದಲ ಇದ್ದರೂ ಹೇಳಿದ್ದನ್ನು ಮಾಡುತ್ತಾರೆ. ಹಲವರಲ್ಲಿ ಬಾಯಿಂದ ಸ್ವಲ್ಪ ಸ್ವಲ್ಪ ಕೊಡಲು 4ರ ಆಸುಪಾಸಿನಲ್ಲಿ ಶುರು ಮಾಡುತ್ತೇವೆ, ಪೂರ್ತಿ ಊಟ 6ರ ಹೊತ್ತಿಗೆ ಕೂಡಿಬರುತ್ತದೆ. ಎಲ್ಲರಿಗೂ ಹೀಗೇ ಅಂತ ಅಲ್ಲ. ಹಂತ ಬದಲಾದಾಗೆಲ್ಲ ನುಂಗುವುದನ್ನೂ ಮತ್ತೆ ನೋಡಬೇಕು. ಬಳ್ಳಾರಿಯವರ ತಂದೆಗೆ ಆಗದೇ ಹೋದದ್ದು ಇದೇ.

ನಿಮ್ಮಂಥವರ ಕಣ್ಣು ಬೇಕಾಗುವುದೂ ಇಲ್ಲೇ. ದಿನದ ಯಾವ ಹೊತ್ತಿನಲ್ಲಿ ಅಣ್ಣ ಚುರುಕಾಗಿರುತ್ತಾನೆ, ಎಷ್ಟು ನಿಮಿಷಕ್ಕೆ ಸುಸ್ತಾಗುತ್ತಾನೆ, ಜೊಲ್ಲು ಯಾವಾಗ ಜಾಸ್ತಿ, ರಾತ್ರಿ ಕೆಮ್ಮು ಇದೆಯಾ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ದಿನಕ್ಕೆ ಅರ್ಧ ಗಂಟೆ ನೋಡುವ ನಮಗೆ ಅದರಿಂದ ಎಷ್ಟೋ ವಿಷಯ ತಿಳಿಯುತ್ತದೆ.

ಕುಂದಾಪುರದವಳು:

ಕ್ಯಾಮೆರಾ ಮತ್ತು ಬೇರಿಯಂ ಎಕ್ಸ್‌ರೇ ಎರಡರಲ್ಲಿ ಯಾವುದು ಒಳ್ಳೆಯದು? ನಮ್ಮ ಮಾವನಿಗೆ ಎರಡನೆಯದನ್ನು ಹೇಳಿದ್ದಾರೆ.

ಥೆರಪಿಸ್ಟ್ ಮೈಸೂರು:

ಎರಡೂ ಒಳ್ಳೆಯವು, ತೋರಿಸುವುದು ಬೇರೆ ಬೇರೆ. ಕ್ಯಾಮೆರಾದ ಪರೀಕ್ಷೆಗೆ ಫೀಸ್ ಅನ್ನುತ್ತಾರೆ, 1988ರಿಂದ ಬಳಕೆಗೆ ಬಂತು. ಮೂಗಿನಿಂದ ತೆಳು ಕೊಳವೆ ಇಳಿಸಿ ಮೇಲಿನಿಂದ ಗಂಟಲು ನೋಡುತ್ತೇವೆ. ಆಹಾರಕ್ಕೆ ಹಸಿರು ಅಥವಾ ನೀಲಿ ಬಣ್ಣ ಹಾಕಿರುತ್ತೇವೆ. ಜೊಲ್ಲು ಎಲ್ಲಿ ನಿಂತಿದೆ, ನುಂಗಿದ ಮೇಲೆ ಎಷ್ಟು ಉಳಿಯಿತು ಅಂತ ಚೆನ್ನಾಗಿ ಕಾಣುತ್ತದೆ. ಹಾಸಿಗೆ ಹತ್ತಿರವೇ ಮಾಡಬಹುದು, ಇಡೀ ಊಟ ಮುಗಿಯುವವರೆಗೂ ನೋಡಬಹುದು. ನುಂಗುವ ಆ ಕ್ಷಣ ಮಾತ್ರ ಗಂಟಲು ಮುಚ್ಚಿಕೊಂಡು ಪರದೆ ಬೆಳ್ಳಗಾಗುತ್ತದೆ, ಏನೂ ಕಾಣುವುದಿಲ್ಲ.

ಬೇರಿಯಂ ಪರೀಕ್ಷೆಯಲ್ಲಿ, ಅಂದರೆ ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ಬೆರೆಸಿದ ಆಹಾರ ಕೊಟ್ಟು ನೋಡುವಾಗ, ಆ ಕ್ಷಣವೇ ಕಾಣುತ್ತದೆ. ಬಾಯಿಯಿಂದ ಅನ್ನನಾಳದವರೆಗೆ ಪಕ್ಕದಿಂದ ಚಲಿಸುವ ಎಕ್ಸ್‌ರೇ. ಆದರೆ ರೇಡಿಯಾಲಜಿ ಕೋಣೆಗೆ ಹೋಗಿ ಕೂರಬೇಕು, ವಿಕಿರಣ ಇರುವುದರಿಂದ ಬೇಗ ಮುಗಿಸಬೇಕು. ಚಡಪಡಿಸುವವರಿಗೆ ಎರಡೂ ಕಷ್ಟವೇ.

ತಲೆಗೆ ಪೆಟ್ಟಾದವರಲ್ಲಿ ಇನ್ನೊಂದು ಎಚ್ಚರ. ಮುಖದ ಮೂಳೆ ಅಥವಾ ಬುರುಡೆಯ ತಳ ಮುರಿದಿದ್ದರೆ ಮೂಗಿನಿಂದ ಕೊಳವೆ ಹಾಕುವ ಮುಂಚೆ ನ್ಯೂರೋಸರ್ಜನ್, ಇಎನ್‌ಟಿ ಇಬ್ಬರ ಒಪ್ಪಿಗೆಯೂ ಬೇಕು. ನಿಮ್ಮ ಕಡೆಯಿಂದಲೂ ಒಮ್ಮೆ ನೆನಪಿಸಿ.

ಹುಬ್ಳಿ ನರ್ಸ್:

ಕತ್ತಿನ ನಳಿಕೆ ಇನ್ನೂ ಇರುವವರ ಮನೆಯವರಿಗಾಗಿ: ಆಹಾರಕ್ಕೆ ನೀಲಿ ಬಣ್ಣ ಹಾಕಿ ಕೊಟ್ಟು, ಆಮೇಲೆ ನಳಿಕೆಯಿಂದ ಸಕ್ಷನ್ ಮಾಡುವ, ಅಂದರೆ ಕಫ ಹೀರಿ ತೆಗೆದು ನೋಡುವ ಪರೀಕ್ಷೆ ಇದೆ. ನೀಲಿ ಬಂದರೆ ಆಸ್ಪಿರೇಷನ್ ಆಗಿದೆ ಅಂತ ಅರ್ಥ. ನೀಲಿ ಬರಲಿಲ್ಲ ಅಂದರೆ ಆಗಿಲ್ಲ ಅಂತ ಅರ್ಥ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬೆಂಗಳೂರು ಡಯಟಿಷಿಯನ್:

ಮೆತ್ತಗೆ, ಗಟ್ಟಿ, ತೆಳು ಅನ್ನುವ ಮಾತುಗಳಿಂದಲೇ ಅರ್ಧ ಗೊಂದಲ. ಒಬ್ಬರ ಗಟ್ಟಿ ಗಂಜಿ ಇನ್ನೊಬ್ಬರಿಗೆ ತೆಳು. ಅದಕ್ಕೆ ಇಡ್ಸಿ ಅನ್ನುವ ಅಂತಾರಾಷ್ಟ್ರೀಯ ಪಟ್ಟಿ ಇದೆ. 0ಯಿಂದ 7ರವರೆಗೆ. 0 ನೀರು, 4 ಪ್ಯೂರಿ, 7 ಮಾಮೂಲಿ ಊಟ. ಮನೆಯಲ್ಲೇ ಅಳೆಯಬಹುದು. 10 ಎಂಎಲ್ ಸಿರಿಂಜ್ ತೆಗೆದುಕೊಳ್ಳಿ. ಸೊನ್ನೆಯಿಂದ 10ರ ಗೆರೆಯವರೆಗೆ 61.5 ಮಿಲಿಮೀಟರ್ ಉದ್ದ ಇರಬೇಕು, ಸಿರಿಂಜ್ ಬೇರೆಯಾದರೆ ಅಳತೆ ತಪ್ಪುತ್ತದೆ. ಒಳಗಿನ ಕಡ್ಡಿ ತೆಗೆದು, ಮೂತಿಗೆ ಬೆರಳು ಹಿಡಿದು 10ರವರೆಗೆ ತುಂಬಿ. ಬೆರಳು ಬಿಟ್ಟು 10 ಸೆಕೆಂಡಿಗೆ ಮತ್ತೆ ಮುಚ್ಚಿ. 1 ಎಂಎಲ್‌ಗಿಂತ ಕಡಿಮೆ ಉಳಿದರೆ ಲೆವೆಲ್ 0. 1ರಿಂದ 4 ಉಳಿದರೆ ಲೆವೆಲ್ 1. 4ರಿಂದ 8 ಆದರೆ ಲೆವೆಲ್ 2. 8ಕ್ಕಿಂತ ಜಾಸ್ತಿ ಉಳಿದರೆ 3. ಒಂದು ಹನಿಯೂ ಇಳಿಯದಿದ್ದರೆ 4 ಅಥವಾ ಅದಕ್ಕಿಂತ ಗಟ್ಟಿ, ಆಗ ಚಮಚ ಬಗ್ಗಿಸಿ ನೋಡಬೇಕು.

ರಾಗಿ ಅಂಬಲಿ ಬಗ್ಗೆ ಜೋಪಾನ. ಬಿಸಿ ಇದ್ದಾಗ ತೆಳು, ಆರಿದಂತೆ ಗಟ್ಟಿ. ಆದ್ದರಿಂದ ಕುಡಿಸುವ ಬಿಸಿಯಲ್ಲೇ ಅಳೆಯಿರಿ. ಅದು ಪಿಷ್ಟ, ಜೊಲ್ಲು ಸೇರಿದರೆ ಕರಗಿ ತೆಳುವಾಗುತ್ತದೆ. ಎಂಜಲು ಚಮಚವನ್ನು ಮತ್ತೆ ಮತ್ತೆ ಅದ್ದಿದರೆ ಬಟ್ಟಲಿನಲ್ಲಿರುವುದೇ ನೀರಾಗಿಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ. ನೀರು ಗಟ್ಟಿ ಮಾಡಲು ಅಂಗಡಿಯಲ್ಲಿ ಸಿಗುವ ಕ್ಸಾಂಥನ್ ಗಮ್ ಪುಡಿಗೆ ಈ ತೊಂದರೆ ಇಲ್ಲ.

ಹಾಸನದ ತಂಗಿ:

ಕ್ಯಾಮೆರಾ ಪರೀಕ್ಷೆ ಆಯಿತು. ಡಾಕ್ಟರ್ ಬುರುಡೆಯ ಸ್ಕ್ಯಾನ್ ನೋಡಿ ಒಪ್ಪಿದ ಮೇಲೆ ಮಾಡಿದರು. ದೊಡ್ಡಪ್ಪನನ್ನೂ ಕರೆದು ಪರದೆ ತೋರಿಸಿದರು. ಹಸಿರು ನೀರು ಧ್ವನಿತಂತು ದಾಟಿ ಕೆಳಗೆ ಇಳಿಯಿತು, ಅಣ್ಣ ಸುಮ್ಮನೆ ನಮ್ಮನ್ನೇ ನೋಡುತ್ತಿದ್ದ. ಕೆಮ್ಮೇ ಇಲ್ಲ. ದೊಡ್ಡಪ್ಪ ಆಮೇಲೆ ಯಾರಿಗೂ ಟ್ಯೂಬ್ ತೆಗೆಸಿ ಅಂತ ಹೇಳಿಲ್ಲ.

ರಿಪೋರ್ಟಿನಲ್ಲಿ ಹೀಗಿದೆ: ತೆಳು ನೀರಿಗೆ ಪಿಎಎಸ್ 8, ಗಲ್ಲ ತಗ್ಗಿಸಿದರೂ 8. ಲೆವೆಲ್ 2ಕ್ಕೆ 2. ಲೆವೆಲ್ 4ಕ್ಕೆ 1, ಸ್ವಲ್ಪ ಉಳಿಕೆ ಇದೆ, ಎರಡನೇ ಸಲ ನುಂಗಿದಾಗ ಹೋಗುತ್ತದೆ. ಫಾಯಿಸ್ 2 ಅಂತಲೂ ಬರೆದಿದ್ದಾರೆ. ಇದು ಎಷ್ಟು ಕೆಟ್ಟದ್ದು?

ಲೀಡ್ಸ್ ಕನ್ನಡತಿ:

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ನುಂಗುವ ಪರೀಕ್ಷೆಯ ಕೆಲಸವನ್ನೇ ಮಾಡುತ್ತೇನೆ. ಈ ಅಳತೆಗಳು ಎಲ್ಲ ದೇಶದಲ್ಲೂ ಒಂದೇ. ಪಿಎಎಸ್ ಅಂದರೆ ಗಾಳಿ ದಾರಿಗೆ ಎಷ್ಟು ಇಳಿಯಿತು ಅನ್ನುವ ಅಳತೆ, 1ರಿಂದ 8ರವರೆಗೆ. 1 ಅಂದರೆ ಗಾಳಿ ದಾರಿಗೆ ಏನೂ ಹೋಗಲಿಲ್ಲ. 2 ಅಂದರೆ ಧ್ವನಿತಂತುಗಳ ಮೇಲಿನವರೆಗೆ ಬಂತು, ತಾನೇ ಹೊರಗೆ ಹೋಯಿತು. 8 ಅಂದರೆ ಧ್ವನಿತಂತುಗಳ ಕೆಳಗೆ ಹೋಯಿತು, ದೇಹ ಅದನ್ನು ಹೊರಹಾಕಲು ಪ್ರಯತ್ನವನ್ನೇ ಮಾಡಲಿಲ್ಲ. ಫಾಯಿಸ್ ಬೇರೆ ಅಳತೆ, ಬಾಯಿಂದ ಎಷ್ಟು ಊಟ ಹೋಗುತ್ತಿದೆ ಅನ್ನುವುದಕ್ಕೆ, 1ರಿಂದ 7. ಇದರಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. 2 ಅಂದರೆ ಟ್ಯೂಬೇ ಆಧಾರ, ಬಾಯಿಂದ ತುಸುವೇ.

ನನಗೆ ಈ ರಿಪೋರ್ಟಿನಲ್ಲಿ ಭರವಸೆ ಕಾಣುತ್ತಿದೆ. ಲೆವೆಲ್ 4ಕ್ಕೆ 1 ಬಂದಿದೆ. ಉಳಿದದ್ದನ್ನು ಎರಡನೇ ಸಲ ನುಂಗಿ ತೆಗೆಯುತ್ತಾನೆ. ಚಮಚದಲ್ಲಿ ಅಭ್ಯಾಸ ಶುರು ಮಾಡಲು ದಾರಿ ಸಿಕ್ಕಿತು. ಗಲ್ಲ ತಗ್ಗಿಸುವ ಉಪಾಯ ಇವನಿಗೆ ನೀರಿನ ವಿಷಯದಲ್ಲಿ ಕೆಲಸ ಮಾಡಲಿಲ್ಲ ಅನ್ನುವುದೂ ಗೊತ್ತಾಯಿತು. ನೋಡದೆ ಎಲ್ಲರಿಗೂ ಗಲ್ಲ ತಗ್ಗಿಸಿ ಅಂತ ಹೇಳಿ ಕಳಿಸುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಬಳ್ಳಾರಿ ಮಗ:

ನೀರು ಮಾತ್ರ ಬೇಡ ಅಂದರೆ ಮನುಷ್ಯನಿಗೆ ಎಷ್ಟು ಹಿಂಸೆ. ಅಪ್ಪ ಗಟ್ಟಿ ಮಾಡಿದ ನೀರನ್ನು ಬಾಯಿಗೆ ಹಾಕಿದ ಕೂಡಲೇ ಉಗುಳುತ್ತಿದ್ದರು. ದಪ್ಪ ನೀರು ಕುಡಿದರೆ ಬಾಯಾರಿಕೆ ಹೋಗುವುದಿಲ್ಲ ಅನ್ನುತ್ತಿದ್ದರು. ಇದಕ್ಕೆ ಬೇರೆ ದಾರಿ ಇಲ್ಲವಾ?

ಥೆರಪಿಸ್ಟ್ ಮೈಸೂರು:

ಇದೆ, ಕೆಲವರಿಗೆ. ಅಮೆರಿಕದ ಲೂಯಿವಿಲ್‌ನ ಒಂದು ರಿಹ್ಯಾಬ್ ಆಸ್ಪತ್ರೆಯಲ್ಲಿ 1984ರಲ್ಲಿ ಶುರುವಾದ ಫ್ರೇಜಿಯರ್ ನೀರಿನ ಪದ್ಧತಿ. ಬಾಯಿ ಚೆನ್ನಾಗಿ ತೊಳೆದ ಮೇಲೆ, ಊಟದ ಜೊತೆ ಅಲ್ಲದೆ, ಊಟವಾಗಿ ಅರ್ಧ ಗಂಟೆ ಬಿಟ್ಟು ಶುದ್ಧ ನೀರನ್ನು ಮಾತ್ರ ಕುಡಿಯಲು ಬಿಡುತ್ತಾರೆ. ಸ್ವಚ್ಛ ಬಾಯಿಂದ ಹೋದ ಸ್ವಲ್ಪ ನೀರನ್ನು ಶ್ವಾಸಕೋಶ ಹೀರಿಕೊಳ್ಳಬಲ್ಲದು. ಹಾಲು, ಕಾಫಿ, ಸಾರು ಹಾಗಲ್ಲ. ಗಟ್ಟಿ ದ್ರವ ಎಲ್ಲರಿಗೂ ಕ್ಷೇಮ ಅನ್ನುವ ನಂಬಿಕೆಯನ್ನು ನಾನೂ ಒಪ್ಪುವುದಿಲ್ಲ. ಗಂಟಲಲ್ಲಿ ಉಳಿಯುತ್ತದೆ, ಜನ ಕಡಿಮೆ ಕುಡಿಯುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಆದರೆ ಈ ಪದ್ಧತಿ ಎಚ್ಚರ ಇದ್ದು, ಕೂರಬಲ್ಲ, ಶ್ವಾಸಕೋಶ ಚೆನ್ನಾಗಿರುವವರಿಗೆ. ಹಾಸನದವರ ಅಣ್ಣನಿಗೆ ಈಗಲೇ ಬೇಡ. ಅವರ ಥೆರಪಿಸ್ಟ್ ಹೇಳಿದ ಮೇಲೆ ಮಾತ್ರ.

ಹಾಸನದ ತಂಗಿ:

ಬೆಳಿಗ್ಗೆ ಹತ್ತಕ್ಕೆ ಅವನು ಚುರುಕು ಅಂತ ಬರೆದಿಟ್ಟಿದ್ದೆ, ಅದೇ ಹೊತ್ತಿಗೆ ಚಮಚದ ಅಭ್ಯಾಸ ಇಟ್ಟಿದ್ದಾರೆ. ಕಡೆದ ಮೊಸರನ್ನ ಕೊಟ್ಟರು. ಮೂರು ವಾರಕ್ಕೆ ಮತ್ತೆ ಕ್ಯಾಮೆರಾ ಅಂತ ಬರೆಸಿಕೊಂಡೆ. ಇನ್ನೂ ಜಾಸ್ತಿ ದಿನ ಟ್ಯೂಬ್ ಬೇಕಾದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಬಗ್ಗೆ ಮಾತಾಡೋಣ ಅಂದರು. ಒಂದೇ ಪ್ರಶ್ನೆ ಉಳಿದಿದೆ. ಫಿಟ್ಸ್ ಮಾತ್ರೆಗಳನ್ನು ಪುಡಿ ಮಾಡಿ ಅದೇ ಮೊಸರನ್ನದಲ್ಲಿ ಕೊಡಬಹುದಾ?

ಥೆರಪಿಸ್ಟ್ ಮೈಸೂರು:

ಕೇಳದೆ ಪುಡಿ ಮಾಡಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು, ಹೊಟ್ಟೆಯಲ್ಲಿ ಕರಗದಂತೆ ಲೇಪ ಹಾಕಿದ ಮಾತ್ರೆಗಳನ್ನು ಪುಡಿ ಮಾಡಬಾರದು. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್‌ನಲ್ಲಿ ಇಂಥವು ಸಾಮಾನ್ಯ. ಫೆನಿಟಾಯಿನ್ ಟ್ಯೂಬಿನ ಆಹಾರದ ಜೊತೆಗೇ ಹೋದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಮಧ್ಯೆ ಅಂತರ ಬೇಕು. ವ್ಯಾಲ್ಪ್ರೊಯೇಟ್, ಲೆವೆಟಿರಾಸೆಟಮ್ ಸಿರಪ್ ರೂಪದಲ್ಲೂ ಸಿಗುತ್ತವೆ. ಆದರೆ ಸಿರಪ್ ತೆಳು ದ್ರವ, ಈಗ ಅದನ್ನು ಬಾಯಿಂದ ಕೊಡಬೇಡಿ, ಟ್ಯೂಬಿನಲ್ಲೇ ಹೋಗಲಿ. ಕಹಿ ಪುಡಿಯನ್ನು ಮೊಸರನ್ನಕ್ಕೆ ಸೇರಿಸಿದರೆ ಅಣ್ಣ ಮೊಸರನ್ನವನ್ನೇ ಬೇಡ ಅಂದುಬಿಡಬಹುದು, ಅದೂ ನಷ್ಟ. ನಿದ್ದೆ ಬರಿಸುವ ಮಾತ್ರೆ ಇದ್ದರೆ ಅದರ ಹೊತ್ತನ್ನೂ ಡಾಕ್ಟರಿಗೆ ತಿಳಿಸಿ, ಹತ್ತು ಗಂಟೆಯ ಅಭ್ಯಾಸದ ಮುಂಚೆ ಬರದ ಹಾಗೆ ಸರಿಸಲು ಆಗುತ್ತದಾ ಕೇಳಿ. ಡೋಸ್ ಹೆಚ್ಚಿಸಿದ ದಿನ ಅವನು ಮಂಕಾಗಿ ಕಂಡರೆ ಚಮಚ ಹಿಡಿಯುವ ಮುಂಚೆ ಥೆರಪಿಸ್ಟ್‌ಗೆ ಹೇಳಿ, ಅವತ್ತು ಅವರೇ ನೋಡಿ ತೀರ್ಮಾನಿಸಲಿ.